ಜರ್ಬಿಲ್ ಸಾಕುವವರಿಗೆ: ಮದ್ದಿಗಿಂತ ಮೊದಲು ಬಿಲ ನೋಡಿ

ಜರ್ಬಿಲ್ ಎಂದರೆ ಬಿಲ ತೋಡಿ ಬದುಕುವ, ಇಲಿಯಂಥ ಸಣ್ಣ ಸಾಕುಪ್ರಾಣಿ. ಅದಕ್ಕೆ ಏನಾದರೂ ಆದರೆ ಎಲ್ಲರೂ ಮೊದಲು ಕೇಳುವುದು ಔಷಧ. ಮೂಗು ಕೆಂಪಾಗಿದೆ, ಏನು ಹಚ್ಚಲಿ? ದಿನವಿಡೀ ಗಾಜಿನ ಮೂಲೆ ಕೆರೆಯುತ್ತೆ, ಏನು ಕೊಡಲಿ? ನಿನ್ನೆಯವರೆಗೂ ಒಟ್ಟಿಗೆ ಮಲಗುತ್ತಿದ್ದವು, ಇವತ್ತು ಕಚ್ಚಾಡುತ್ತಿವೆ, ಯಾಕೆ? ಇಂಥ ಪ್ರಶ್ನೆಗಳಲ್ಲಿ ಬಹುಪಾಲಿಗೆ ಉತ್ತರ ಅದನ್ನು ಸಾಕುವ ಗಾಜಿನ ಟ್ಯಾಂಕಿನ ಒಳಗೇ ಇರುತ್ತದೆ. ತಳಕ್ಕೆ ಹರಡಿದ ಹಾಸು ಎಷ್ಟು ಆಳ ಇದೆ, ಎಷ್ಟು ಒಣಗಿದೆ, ಜೊತೆಗೆ ಯಾರಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಹಾಗಂತ ವೈದ್ಯರು ಬೇಡ ಎನ್ನುತ್ತಿಲ್ಲ. ಎಲ್ಲಿ ತಡಮಾಡದೆ ಓಡಬೇಕು ಎಂಬುದನ್ನೂ ಮುಂದೆ ಬರೆದಿದ್ದೇನೆ.

ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವುದು ಮಂಗೋಲಿಯನ್ ಜರ್ಬಿಲ್. ಮಂಗೋಲಿಯಾ ಮತ್ತು ಉತ್ತರ ಚೀನಾದ ಒಣ ಹುಲ್ಲುಬಯಲು ಇದರ ತವರು. 1866ರಲ್ಲಿ ಫ್ರೆಂಚ್ ಪಾದ್ರಿ ಅರ್ಮಾಂಡ್ ಡೇವಿಡ್ ಇದನ್ನು ಉತ್ತರ ಚೀನಾದಿಂದ ಪ್ಯಾರಿಸ್‌ಗೆ ಕಳಿಸಿದರು. 1935ರಲ್ಲಿ ಜಪಾನಿನ ಸಂಶೋಧಕರು 20 ಜೋಡಿ ಹಿಡಿದು ತಂದರು. ಆ ಸಂತತಿಯಲ್ಲಿ ಕೆಲವು 1954ರಲ್ಲಿ ಅಮೆರಿಕದ ಪ್ರಯೋಗಾಲಯಕ್ಕೆ ಹೋದವು. ಅಲ್ಲಿಂದ ಮುಂದೆ ಮನೆಮನೆಗೂ ಬಂದವು. ಅಂದರೆ ಮನುಷ್ಯರ ಜೊತೆ ಇದರ ಬಾಳು ತೀರಾ ಹಳೆಯದಲ್ಲ. ಬಿಲ ತೋಡುವ, ಗುಂಪಿನಲ್ಲಿ ಬದುಕುವ, ಕಾಳು ಕೂಡಿಡುವ ಹಠ ಇನ್ನೂ ಹಾಗೇ ಇದೆ. ಚಳಿ, ಬಿಸಿಲು, ಹದ್ದು, ಎಲ್ಲದರಿಂದಲೂ ಅದನ್ನು ಕಾಪಾಡಿದ್ದು ಬಿಲವೇ ಅಲ್ವಾ?

ನಮ್ಮ ಬಯಲುಸೀಮೆಯ ಹೊಲಗಳಲ್ಲೂ ಒಂದು ಜರ್ಬಿಲ್ ಇದೆ, ಟಟೇರಾ ಇಂಡಿಕಾ. ರೈತರಿಗೆ ಅದು ಬೆಳೆ ತಿನ್ನುವ ಇಲಿ. ಅದು ಬೇರೆಯೇ ಜಾತಿ. ಹೊಲದಲ್ಲಿ ಹಿಡಿದು ತಂದು ಸಾಕುವ ಯೋಚನೆ ಬೇಡ. ಈ ಲೇಖನ ಮಂಗೋಲಿಯನ್ ಜರ್ಬಿಲ್ ಬಗ್ಗೆ ಮಾತ್ರ.

ಹೆಜ್ಜೆ 1: ತರುವ ಮೊದಲು

ಮೊದಲು ಕಾನೂನು ನೋಡಿ. ಕ್ಯಾಲಿಫೋರ್ನಿಯಾ ಮತ್ತು ಹವಾಯಿಯಲ್ಲಿ ಜರ್ಬಿಲ್ ಸಾಕುವಂತಿಲ್ಲ. ತಪ್ಪಿಸಿಕೊಂಡರೆ ಅಲ್ಲಿನ ವಾತಾವರಣದಲ್ಲಿ ಕಾಡುಪ್ರಾಣಿಯಾಗಿ ಬೇರೂರಬಹುದು ಎಂಬ ಭಯ ಅಲ್ಲಿನ ಸರ್ಕಾರಗಳಿಗೆ ಇದೆ. ಟೆಕ್ಸಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಮಕ್ಕಳಿಗೆ ಜರ್ಬಿಲ್ ಕೊಡಿಸಿ, ಆಮೇಲೆ ಕೆಲಸಕ್ಕಾಗಿ ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಮನೆ ಬದಲಿಸುವ ಕನ್ನಡದ ಕುಟುಂಬಗಳು ಇದನ್ನು ಮುಂಚೆಯೇ ತಿಳಿದಿರಬೇಕು. ಆಸ್ಟ್ರೇಲಿಯಾದಲ್ಲೂ ಇದನ್ನು ಸಾಕುವ ಅವಕಾಶ ಇಲ್ಲ. ಬ್ರಿಟನ್‌ನಲ್ಲಿ ತೊಂದರೆಯಿಲ್ಲ.

ಎರಡನೆಯದು ಆಯಸ್ಸು. ಜರ್ಬಿಲ್ ಮೂರು ನಾಲ್ಕು ವರ್ಷ ಬದುಕುತ್ತದೆ. ಎಂಟು ವರ್ಷದ ಮಗು ಹನ್ನೆರಡಾಗುವಷ್ಟರಲ್ಲಿ ಅದು ಮುಪ್ಪಾಗಿ ಹೋಗಿರುತ್ತದೆ. ಹೆಸರಿಗೆ ಮಗುವಿನದ್ದು, ನೋಡಿಕೊಳ್ಳುವುದು ದೊಡ್ಡವರೇ. ಇದನ್ನು ಒಪ್ಪಿಕೊಂಡೇ ತನ್ನಿ.

ಮೂರನೆಯದಕ್ಕೆ ಚೌಕಾಸಿಯಿಲ್ಲ: ಒಂದೇ ಒಂದನ್ನು ತರಬೇಡಿ. ಒಂಟಿ ಜರ್ಬಿಲ್ ಮಂಕಾಗುತ್ತದೆ. ಒಂದೇ ಸೂಲಿನಲ್ಲಿ ಹುಟ್ಟಿದ, ಒಂದೇ ಲಿಂಗದ ಎರಡು ಮರಿಗಳನ್ನು ಆರರಿಂದ ಎಂಟು ವಾರದ ವಯಸ್ಸಿನಲ್ಲಿ ತನ್ನಿ. ಎರಡು ಗಂಡಾದರೆ ಸಾಮಾನ್ಯವಾಗಿ ಸುಲಭ. ಎರಡು ಹೆಣ್ಣೂ ಚೆನ್ನಾಗಿಯೇ ಇರುತ್ತವೆ, ಆದರೆ ಮೂರು ನಾಲ್ಕು ಹೆಣ್ಣುಗಳ ಗುಂಪು ಬೆಳೆದ ಮೇಲೆ ಜಗಳವಾಡುವುದು ಜಾಸ್ತಿ. ಗಂಡು ಹೆಣ್ಣು ಜೋಡಿ ಬೇಡವೇ ಬೇಡ. ಬಸಿರು 24ರಿಂದ 26 ದಿನ, ಸೂಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ. ಹೆತ್ತ ದಿನವೇ ತಾಯಿ ಮತ್ತೆ ಬಸಿರಾಗಬಹುದು. ಅಂಗಡಿಯವರು ಎರಡೂ ಗಂಡು ಎಂದು ಹೇಳಿದರೂ ನೀವೇ ಒಮ್ಮೆ ನೋಡಿ. ಗಂಡಿನಲ್ಲಿ ಮೂತ್ರದ ರಂಧ್ರ, ಗುದದ್ವಾರ ಇವೆರಡರ ನಡುವೆ ಅಂತರ ಹೆಚ್ಚು, ಬೆಳೆಯುತ್ತಾ ಬಾಲದ ಬುಡದಲ್ಲಿ ಉಬ್ಬು ಕಾಣುತ್ತದೆ.

ಹೆಜ್ಜೆ 2: ಟ್ಯಾಂಕು, ಅದರೊಳಗೆ ಆಳವಾದ ಹಾಸು

ಕಂಬಿ ಪಂಜರ ಜರ್ಬಿಲ್‌ಗೆ ಆಗಿಬರುವುದಿಲ್ಲ. ಅಗೆದದ್ದೆಲ್ಲ ಹೊರಗೆ ಚೆಲ್ಲುತ್ತದೆ, ಕಂಬಿ ಕಡಿದು ಮೂಗು ಸವೆಯುತ್ತದೆ. ಪ್ಲಾಸ್ಟಿಕ್ ತಳದ, ಬಣ್ಣದ ಕೊಳವೆಗಳ ಪಂಜರಗಳು ಮಕ್ಕಳ ಕಣ್ಣು ಸೆಳೆಯುತ್ತವೆ ನಿಜ. ಆದರೆ ಜರ್ಬಿಲ್‌ಗಳು ಅದನ್ನು ಕೆಲವೇ ದಿನಗಳಲ್ಲಿ ಕಡಿದು ತೂತು ಮಾಡುತ್ತವೆ. ನುಂಗಿದ ಚೂರು ಹೊಟ್ಟೆಗೂ ಒಳ್ಳೆಯದಲ್ಲ.

ಮೀನಿನ ಗಾಜಿನ ಟ್ಯಾಂಕು ಎಲ್ಲಕ್ಕಿಂತ ಉತ್ತಮ. ಎರಡು ಜರ್ಬಿಲ್‌ಗೆ 20 ಗ್ಯಾಲನ್ (ಸುಮಾರು 75 ಲೀಟರ್) ಟ್ಯಾಂಕು ಸಾಕು ಎನ್ನುವವರು ಇದ್ದಾರೆ. ಅದನ್ನು ನಾನು ಕನಿಷ್ಠ ಅಂತಷ್ಟೇ ಒಪ್ಪುತ್ತೇನೆ. ಜಾಗ, ದುಡ್ಡು ಎರಡೂ ಇದ್ದರೆ 40 ಗ್ಯಾಲನ್‌ದು ನೋಡಿ. ಹಳೆಯ ಟ್ಯಾಂಕು ನೀರು ಸೋರುತ್ತಿದ್ದರೂ ಇದಕ್ಕೆ ನಡೆಯುತ್ತದೆ, ಅರ್ಧ ಬೆಲೆಗೆ ಸಿಗುತ್ತದೆ. ಮೇಲೆ ಗಾಳಿಯಾಡುವ ಲೋಹದ ಜಾಲರಿ ಮುಚ್ಚಳ ಇರಲೇಬೇಕು. ಇವು ಚೆನ್ನಾಗಿ ಹಾರುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಾಸು ಕನಿಷ್ಠ 20 ಸೆಂಟಿಮೀಟರ್, ಸಾಧ್ಯವಾದರೆ 30 ಸೆಂಟಿಮೀಟರ್ ಆಳ ಇರಲಿ. ಎರಡು ಬೆರಳು ದಪ್ಪ ಹಾಸು ಹರಡಿದರೆ ಬಿಲ ನಿಲ್ಲುವುದಿಲ್ಲ. ಕಾಗದದ ತಿರುಳಿನಿಂದ ಮಾಡಿದ ಹಾಸು ಅಥವಾ ಆಸ್ಪೆನ್ ಮರದ ಹೊಟ್ಟು ಆಗುತ್ತದೆ. ಸೀಡರ್ ಮತ್ತು ಪೈನ್ ಮರದ ಹೊಟ್ಟು ಬೇಡ. ಅದರ ಘಾಟು ಉಸಿರಾಟಕ್ಕೂ ಮೂಗಿನ ಚರ್ಮಕ್ಕೂ ತೊಂದರೆ. ಬರೀ ಹಾಸು ಹಾಕಿದರೆ ಸುರಂಗ ಕುಸಿಯುತ್ತದೆ. ಹಾಗಾಗಿ ಒಂದು ಪದರ ಹಾಸು, ಮೇಲೊಂದು ಪದರ ಒಣಹುಲ್ಲು, ಮತ್ತೆ ಹಾಸು, ಹೀಗೆ ಹಾಕುತ್ತಾ ಪ್ರತಿ ಪದರವನ್ನೂ ಅಂಗೈಯಿಂದ ಒತ್ತಿ. ನಡುವೆ ಒಂದೆರಡು ರಟ್ಟಿನ ಕೊಳವೆ ಹುದುಗಿಸಿ. ಉಳಿದದ್ದನ್ನು ಅವೇ ಮಾಡಿಕೊಳ್ಳುತ್ತವೆ. ಒಂದು ರಾತ್ರಿ ಕಳೆಯುವುದರೊಳಗೆ ದಾರಿ, ಗೂಡು, ಕಾಳಿನ ಕೋಣೆ ಎಲ್ಲ ತಯಾರಾಗುವುದನ್ನು ಗಾಜಿನ ಪಕ್ಕದಿಂದ ನೋಡುವುದೇ ಒಂದು ಖುಷಿ.

ಒಳಗೆ ಇನ್ನೇನು ಬೇಕು? ಮಲಗಲು ಮರದ ಒಂದು ಸಣ್ಣ ಗೂಡು. ಗೂಡು ಹಾಸಲು ಬಣ್ಣ, ಸುವಾಸನೆ ಇಲ್ಲದ ಟಿಶ್ಯೂ ಕಾಗದ. ಹತ್ತಿ ಅಥವಾ ನೂಲು ಬೇಡ, ಅದು ಕಾಲಿಗೆ ಸುತ್ತಿಕೊಂಡು ರಕ್ತ ಓಡದಂತೆ ಬಿಗಿಯುತ್ತದೆ. ಓಡುವ ಚಕ್ರ ಕೊಡುವುದಾದರೆ ಸಂದಿಯಿಲ್ಲದ ಮುಚ್ಚಿದ ಮೈಯದ್ದೇ ಇರಲಿ. ಸಂದಿ ಇದ್ದರೆ ಬಾಲ ಸಿಕ್ಕಿ ಕಿತ್ತು ಬರುತ್ತದೆ. ಅಡ್ಡಳತೆ 25 ಸೆಂಟಿಮೀಟರ್‌ಗಿಂತ ಕಡಿಮೆ ಬೇಡ, ಬೆನ್ನು ಬಿಲ್ಲಿನಂತೆ ಬಗ್ಗಬಾರದು. ಭಾರದ ವಸ್ತುಗಳನ್ನು, ಅಂದರೆ ಚಕ್ರ, ಕಲ್ಲು, ಮಣ್ಣಿನ ಬಟ್ಟಲು ಇಂಥವನ್ನು, ಹಾಸಿನ ಮೇಲೆ ಹಾಗೇ ಇಡಬೇಡಿ. ಕೆಳಗೆ ಅಗೆದಾಗ ಅದು ಮೇಲೆ ಬಿದ್ದು ಜರ್ಬಿಲ್ ಜಜ್ಜಿಹೋಗಬಹುದು. ತಳದಿಂದ ಕಾಲು ಕೊಟ್ಟ ಹಲಗೆಯ ಮೇಲೆ ಇಡಿ.

ಮರಳಿನ ಸ್ನಾನ ಮರೆಯಬೇಡಿ. ಅಗಲವಾದ ಬಟ್ಟಲಲ್ಲಿ ಒಣ ಮರಳು ಹಾಕಿಟ್ಟರೆ ಉರುಳಾಡಿ ತುಪ್ಪಳದ ಜಿಡ್ಡು ತೆಗೆದುಕೊಳ್ಳುತ್ತವೆ. ಪುಡಿಪುಡಿ ಧೂಳಿನಂತಿರುವುದು ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ನೀರಿನಲ್ಲಿ ಸ್ನಾನ ಮಾಡಿಸುವುದಂತೂ ಬೇಡವೇ ಬೇಡ. ಒದ್ದೆಯಾದರೆ ಮೈ ತಣ್ಣಗಾಗಿ ಅಪಾಯವಾಗುತ್ತದೆ.

ಟ್ಯಾಂಕು ಎಲ್ಲಿಡಬೇಕು ಎಂಬುದಕ್ಕೆ ನಮ್ಮ ಮನೆಗಳಲ್ಲಿ ಸ್ವಲ್ಪ ಯೋಚಿಸಬೇಕು. ಅಡುಗೆಮನೆ ಪಕ್ಕ ಬೇಡ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ನಮಗೇ ಕೆಮ್ಮು ತರಿಸುತ್ತದೆ. ದೇವರ ಮನೆಯ ಅಗರಬತ್ತಿ, ಧೂಪ, ಕರ್ಪೂರದ ಹೊಗೆಯಿಂದಲೂ ದೂರ ಇರಲಿ. ನೇರ ಬಿಸಿಲು ಬೀಳುವ ಕಿಟಕಿ ಬೇಡ. ಗಾಜಿನ ಪೆಟ್ಟಿಗೆ ಬಿಸಿಲಿಗೆ ಬೇಗ ಕಾಯುತ್ತದೆ. ಕೋಣೆಯ ಶಾಖ 18ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ತೇವ 50 ಶೇಕಡ ದಾಟಿದರೆ ತುಪ್ಪಳ ಜಿಡ್ಡಾಗಿ ಕೆದರಿ ನಿಲ್ಲುತ್ತದೆ. ಅದು ಕಾಯಿಲೆ ಎಂದುಕೊಂಡು ಹೆದರುವವರಿದ್ದಾರೆ. ತೇವ ಇಳಿದರೆ ತುಪ್ಪಳ ತಾನೇ ಸರಿಯಾಗುತ್ತದೆ.

ಶುಚಿ ಮಾಡುವುದು ಕಷ್ಟವಿಲ್ಲ. ಒಣನಾಡಿನ ಪ್ರಾಣಿಯಾದ್ದರಿಂದ ಮೂತ್ರ ತೀರಾ ಕಡಿಮೆ. ಒದ್ದೆಯಾದ ಮೂಲೆಯನ್ನು ವಾರಕ್ಕೊಮ್ಮೆ ತೆಗೆದರೆ ಸಾಕು. ಪೂರ್ತಿ ಬದಲಿಸುವಾಗಲೂ ಹಳೆಯ ಒಣ ಹಾಸಿನಲ್ಲಿ ಅರ್ಧದಷ್ಟು ಮತ್ತೆ ಬೆರೆಸಿ. ವಾರವಾರ ಎಲ್ಲ ಕೆಡವಿ, ತೊಳೆದು, ಹೊಸದಾಗಿ ಹಾಕುವುದು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸ, ಆದರೆ ಅದರಿಂದ ಅವುಗಳ ವಾಸನೆ ಗುರುತು ಪೂರ್ತಿ ಅಳಿಸಿಹೋಗುತ್ತದೆ. ಎಷ್ಟೋ ಜಗಳಗಳು ಶುರುವಾಗುವುದು ಇಂಥ ಭಾರೀ ಶುಚಿಯ ಮರುದಿನವೇ.

ಹೆಜ್ಜೆ 3: ಊಟ, ನೀರು

ಬೆಳೆದ ಜರ್ಬಿಲ್ ದಿನಕ್ಕೆ ತಿನ್ನುವುದು 5ರಿಂದ 8 ಗ್ರಾಂ ಅಷ್ಟೇ. ಜರ್ಬಿಲ್‌ಗೆಂದೇ ತಯಾರಿಸಿದ ಕಾಳಿನ ಮಿಶ್ರಣ ಮುಖ್ಯ ಊಟವಾಗಲಿ. ಅದರ ಜೊತೆ ನವಣೆ, ಸಜ್ಜೆ, ರಾಗಿ ಒಂದೊಂದು ಚಿಟಿಕೆ ಸೇರಿಸಬಹುದು. ತೆನೆ ಸಮೇತ ನವಣೆ ಸಿಕ್ಕರೆ ಇನ್ನೂ ಚೆನ್ನ, ಬಿಡಿಸಿ ತಿನ್ನುವ ಕೆಲಸವೂ ಸಿಗುತ್ತದೆ. ಬಟ್ಟಲಲ್ಲಿ ಹಾಕುವ ಬದಲು ಹಾಸಿನ ಮೇಲೆ ಚೆಲ್ಲಿ. ಹುಡುಕಿ ತಿನ್ನುವುದೇ ಅವುಗಳ ದಿನಚರಿ.

ಸೂರ್ಯಕಾಂತಿ ಬೀಜ, ಕುಂಬಳ ಬೀಜ ಎಂದರೆ ಪ್ರಾಣ. ಮಿಶ್ರಣದಲ್ಲಿ ಅದನ್ನೇ ಆರಿಸಿ ತಿಂದು ಉಳಿದದ್ದನ್ನು ಬಿಟ್ಟುಬಿಡುತ್ತವೆ. ಆದರೆ ಅದರಲ್ಲಿ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಹಿಂದಿನದು ಪೂರ್ತಿ ಮುಗಿಯುವವರೆಗೆ ಹೊಸದಾಗಿ ಸುರಿಯಬೇಡಿ. ಸೂರ್ಯಕಾಂತಿ ಬೀಜವನ್ನು ಕೈಯಿಂದ ಕೊಡುವ ಲಂಚವಾಗಿ ಇಟ್ಟುಕೊಳ್ಳಿ.

ತರಕಾರಿ ಕೊಡುವುದಾದರೆ ಉಗುರಿನಷ್ಟು ತುಂಡು, ವಾರಕ್ಕೆ ಎರಡು ಮೂರು ಸಲ: ಕ್ಯಾರೆಟ್, ಸೌತೆಕಾಯಿ, ಕೊತ್ತಂಬರಿ ಸೊಪ್ಪು. ಜಾಸ್ತಿ ಕೊಟ್ಟರೆ ಭೇದಿ. ಈರುಳ್ಳಿ, ಬೆಳ್ಳುಳ್ಳಿ, ಹಸಿ ಆಲೂಗಡ್ಡೆ, ಹಸಿ ಹುರುಳಿಕಾಯಿ, ಕಿತ್ತಳೆ, ನಿಂಬೆ, ಚಾಕೊಲೇಟ್ ಬೇಡ. ಊರಿನಿಂದ ಬಂದ ಅಜ್ಜಿ ತಾತಂದಿರು ಪ್ರೀತಿಯಿಂದ ಚಕ್ಕುಲಿ ಚೂರೋ ಖಾರದ ಅವಲಕ್ಕಿಯೋ ಹಾಕಿಬಿಡುತ್ತಾರೆ. ಅವರ ಕೈಗೆ ಒಂದು ಸಣ್ಣ ಡಬ್ಬಿಯಲ್ಲಿ ನವಣೆ ಕೊಟ್ಟಿಡಿ, "ಇದನ್ನೇ ಹಾಕಿ" ಅನ್ನಿ. ಕೊಡುವ ಖುಷಿಯೂ ಉಳಿಯುತ್ತದೆ.

ಮರುಭೂಮಿಯ ಪ್ರಾಣಿ, ನೀರು ಬೇಡ ಎಂದು ಹೇಳುವವರ ಮಾತು ಕೇಳಬೇಡಿ. ಕುಡಿಯುವುದು ದಿನಕ್ಕೆ ಒಂದು ಚಮಚದಷ್ಟೇ ಇರಬಹುದು, ಆದರೆ ಆ ಒಂದು ಚಮಚ ಯಾವಾಗಲೂ ಸಿಗಬೇಕು. ಬಾಟಲಿಯ ಗುಂಡು ಸಿಕ್ಕಿಕೊಂಡಿಲ್ಲ ಎಂದು ದಿನಾ ಬೆರಳಿನಿಂದ ಮುಟ್ಟಿ ನೋಡಿ. ಬಾಟಲಿ ಸೋರಿದರೆ ಹಾಸು ಒದ್ದೆಯಾಗುತ್ತದೆ, ಅದೂ ಅಪಾಯವೇ.

ಹೆಜ್ಜೆ 4: ಕೈಗೆ ಅಭ್ಯಾಸ ಮಾಡುವುದು

ತಂದ ಮೊದಲ ಎರಡು ಮೂರು ದಿನ ಸುಮ್ನೆ ಬಿಡಿ. ಬಿಲ ತೋಡಿಕೊಳ್ಳಲಿ. ಆಮೇಲೆ ಅಂಗೈ ಮೇಲ್ಮುಖ ಮಾಡಿ ಹಾಸಿನ ಮೇಲೆ ಇಟ್ಟು ಅಲುಗಾಡದೆ ಕೂರಿ. ಬೆರಳು ಮೂಸುತ್ತವೆ, ಮೆಲ್ಲಗೆ ಹಲ್ಲು ತಾಗಿಸಿ ನೋಡುತ್ತವೆ. ಅಂಗೈಯಲ್ಲಿ ಬೀಜ ಇಡಿ. ಕೈ ಹತ್ತುವ ಅಭ್ಯಾಸ ಆದಮೇಲೆ ಎರಡೂ ಅಂಗೈ ಬೊಗಸೆ ಮಾಡಿ ಕೆಳಗಿನಿಂದ ಎತ್ತಿ. ಮೇಲಿನಿಂದ ಕೈ ಇಳಿಸಿದರೆ ಹದ್ದು ಎರಗಿದಂತೆ ಬೆಚ್ಚುತ್ತವೆ.

ಬಾಲ ಹಿಡಿದು ಎತ್ತಲೇಬಾರದು. ಇದನ್ನು ಮನೆಯ ಪ್ರತಿ ಮಗುವಿಗೂ, ಮನೆಗೆ ಬರುವ ನೆಂಟರ ಮಕ್ಕಳಿಗೂ ಮೊದಲೇ ಹೇಳಿ. ಜರ್ಬಿಲ್ ಬಾಲದ ಚರ್ಮ ಕಳಚಿ ಬರುವಂಥದ್ದು. ಶತ್ರುವಿನ ಬಾಯಿಗೆ ಚರ್ಮ ಬಿಟ್ಟು ಓಡಿಹೋಗಲು ಪ್ರಕೃತಿ ಕೊಟ್ಟ ಉಪಾಯ ಅದು. ಒಮ್ಮೆ ಕಳಚಿದರೆ ಮತ್ತೆ ಬೆಳೆಯುವುದಿಲ್ಲ.

ಚಿಕ್ಕ ಮಕ್ಕಳು ನೆಲದ ಮೇಲೆ ಕೂತೇ ಆಡಿಸಲಿ. ನಿಂತ ಮಗುವಿನ ಕೈಯಿಂದ ಜಿಗಿದರೆ ಕಾಲು ಮುರಿಯುತ್ತದೆ. ಒಣಗಿದ ಬಾತ್‌ಟಬ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ನೀರು ಹೋಗುವ ತೂತು ಮುಚ್ಚಿ, ತಳಕ್ಕೆ ಟವೆಲ್ ಹಾಸಿ, ನೀವೂ ಒಳಗೆ ಕೂತುಕೊಳ್ಳಿ. ಆಟ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು.

ಹೆಜ್ಜೆ 5: ವಾರಕ್ಕೊಮ್ಮೆ ತೂಕ

ಬೇಟೆಗೆ ಸಿಗುವ ಪ್ರಾಣಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ನಮ್ಮ ಕಣ್ಣಿಗೆ ಮಂಕು ಕಾಣುವ ಹೊತ್ತಿಗೆ ಎಷ್ಟೋ ದಿನ ಕಳೆದಿರುತ್ತದೆ. ಅದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬಳಸಿ. ಒಂದು ಡಬ್ಬಿಯನ್ನು ಇದಕ್ಕೆಂದೇ ಮೀಸಲಿಡಿ. ಬೆಳೆದ ಹೆಣ್ಣು ಸುಮಾರು 55ರಿಂದ 85 ಗ್ರಾಂ, ಗಂಡು 65ರಿಂದ 100 ಗ್ರಾಂ ತೂಗುತ್ತವೆ. ಅಂಕಿಗಿಂತ ಮುಖ್ಯ ಅದರ ಏರಿಳಿತ. 80 ಗ್ರಾಂ ಇದ್ದದ್ದು 72ಕ್ಕೆ ಇಳಿದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಅದೇ ಹೊತ್ತಿಗೆ ಮೂಗು, ಕಣ್ಣು, ಬಾಚಿಹಲ್ಲು, ಹೊಟ್ಟೆಯ ನಡುವಿನ ಗ್ರಂಥಿ, ಬಾಲದ ಬುಡ ನೋಡಿ. ಬಾಚಿಹಲ್ಲು ಹಳದಿ ಮಿಶ್ರಿತ ಕಿತ್ತಳೆ ಬಣ್ಣ ಇರುವುದು ಸಹಜ. ಹೊಟ್ಟೆಯ ಮಧ್ಯದಲ್ಲಿ ಕೂದಲಿಲ್ಲದ ಉದ್ದನೆಯ ಹಳದಿ ಪಟ್ಟಿ ಇರುವುದೂ ಸಹಜ. ಅದು ವಾಸನೆಯ ಗ್ರಂಥಿ. ಹೊಟ್ಟೆ ಉಜ್ಜುತ್ತಾ ಹೋಗುವುದು ಅದರಿಂದ ಗುರುತು ಹಾಕಲು.

ನಡವಳಿಕೆಯ ತೊಂದರೆಗಳು

*ಗಾಜಿನ ಮೂಲೆ ಕೆರೆಯುವುದು.* ಸ್ವಲ್ಪ ಹೊತ್ತು ಕೆರೆದರೆ ಚಿಂತೆಯಿಲ್ಲ. ಗಂಟೆಗಟ್ಟಲೆ ಒಂದೇ ಮೂಲೆಯಲ್ಲಿ ಕೆರೆಯುತ್ತಿದ್ದರೆ ಅದು ತೊಂದರೆಯ ಗುರುತು. 1997ರಲ್ಲಿ ಪ್ರಕಟವಾದ, ಸಂಶೋಧಕ ವಿಡೆನ್‌ಮೆಯರ್ ಅವರ ಅಧ್ಯಯನ ಇದರ ಕಾರಣವನ್ನು ಚೆನ್ನಾಗಿ ಬಿಡಿಸಿತು. ಎಳೆಯ ಜರ್ಬಿಲ್‌ಗಳಿಗೆ ಅಗೆಯಲು ಒಣ ಮರಳು ಕೊಟ್ಟರು. ಮೂಲೆ ಕೆರೆಯುವುದು ನಿಲ್ಲಲಿಲ್ಲ. ಸುರಂಗದ ಮೂಲಕ ಒಳಗೆ ಹೋಗಬೇಕಾದ ಗೂಡು ಕೊಟ್ಟಾಗ ಆ ಚಟ ಬೆಳೆಯಲಿಲ್ಲ. ಅಂದರೆ ಅದಕ್ಕೆ ಬೇಕಿರುವುದು ಅಗೆದು ಮುಗಿಸಿದ ಮೇಲೆ ಸಿಗುವ ಕತ್ತಲೆಯ ಕೋಣೆ. ಹಾಗಾಗಿ ಹಾಸು ಆಳ ಮಾಡುವುದರ ಜೊತೆಗೆ, ಬಾಗಿದ ಒಂದು ಕೊಳವೆಯನ್ನು ಮರದ ಗೂಡಿನ ಬಾಯಿಗೆ ಜೋಡಿಸಿ, ಎರಡನ್ನೂ ಹಾಸಿನಲ್ಲಿ ಹೂತಿಡಿ. ವಯಸ್ಸಾದ ಜರ್ಬಿಲ್‌ಗೆ ಚಟ ಅಂಟಿಹೋಗಿದ್ದರೆ ಪೂರ್ತಿ ಹೋಗದಿರಬಹುದು, ಕಡಿಮೆಯಂತೂ ಆಗಬಹುದು.

*ಎಲ್ಲವನ್ನೂ ಕಡಿಯುವುದು.* ಇದು ತೊಂದರೆಯಲ್ಲ, ಅದರ ಬದುಕು. ಹಲ್ಲು ಬೆಳೆಯುತ್ತಲೇ ಇರುತ್ತದೆ, ಸವೆಸಬೇಕು. ಟಾಯ್ಲೆಟ್ ಪೇಪರಿನ ರಟ್ಟು, ಪಾರ್ಸೆಲ್ ಡಬ್ಬದ ತುಂಡು, ಔಷಧ ಹೊಡೆಯದ ಸೇಬಿನ ಕೊಂಬೆ ಕೊಡುತ್ತಲೇ ಇರಿ. ಟೇಪು, ಸ್ಟೇಪಲ್ ಪಿನ್ನು ತೆಗೆದು ಕೊಡಿ.

*ಹಿಂಗಾಲು ಬಡಿಯುವುದು.* ಅಪಾಯ ಇದೆ ಎಂದು ಬಳಗಕ್ಕೆ ಎಚ್ಚರ ಹೇಳುವ ಸದ್ದು. ಗಂಡು ಹೆಣ್ಣು ಸೇರುವಾಗಲೂ ಬಡಿಯುತ್ತವೆ. ಸುಮ್ನೆ ಬಿಟ್ಟರೆ ನಿಲ್ಲುತ್ತದೆ. ದೀಪಾವಳಿಯ ಪಟಾಕಿ, ಅಮೆರಿಕದಲ್ಲಾದರೆ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಬಾಣಬಿರುಸಿನ ರಾತ್ರಿ ಟ್ಯಾಂಕನ್ನು ಒಳಕೋಣೆಗೆ ಸಾಗಿಸಿ.

*ಜಗಳ.* ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಜರ್ಬಿಲ್ ಜಗಳ ಸಾವಿನವರೆಗೂ ಹೋಗುತ್ತದೆ. ಎರಡು ಕಾಲ ಮೇಲೆ ನಿಂತು ಮುಂಗೈಯಿಂದ ತಳ್ಳಾಡುವುದು ಆಟ. ಒಂದನ್ನೊಂದು ಬಿಡದೆ ಅಟ್ಟಿಸಿಕೊಂಡು ಹೋಗುವುದು, ಒಂದು ಗೂಡಿನ ಹೊರಗೇ ಮಲಗುವುದು, ತುಪ್ಪಳ ಉಬ್ಬಿಸಿ ಪಕ್ಕಕ್ಕೆ ಪಕ್ಕ ನಿಲ್ಲುವುದು ಮುನ್ಸೂಚನೆ. ಎರಡೂ ಉಂಡೆಯಾಗಿ ಉರುಳಿದರೆ ಅದು ನಿಜವಾದ ಕಾಳಗ. ಬರಿಗೈ ಹಾಕಬೇಡಿ, ಮೂಳೆಗೆ ಇಳಿಯುವಂತೆ ಕಚ್ಚುತ್ತವೆ. ದಪ್ಪ ಕೈಗವಸು ಹಾಕಿ ಅಥವಾ ನಡುವೆ ರಟ್ಟು ತೂರಿಸಿ ಬೇರೆ ಮಾಡಿ. ರಕ್ತ ಬಂದಿದ್ದರೆ ಮತ್ತೆ ಒಟ್ಟಿಗೆ ಬಿಡಲೇಬೇಡಿ. ಗಾಯ ಹೆಚ್ಚಾಗಿ ಬಾಲದ ಬುಡ ಮತ್ತು ಹಿಂಭಾಗದಲ್ಲಿ ಇರುತ್ತದೆ, ಅಲ್ಲಿ ತುಪ್ಪಳ ಸರಿಸಿ ನೋಡಿ.

ರಕ್ತ ಬಾರದ ಸಣ್ಣ ಜಗಳದ ಜೋಡಿಯನ್ನು ಮತ್ತೆ ಸೇರಿಸುವುದಕ್ಕೂ, ಜೊತೆ ಸತ್ತು ಒಂಟಿಯಾದದ್ದಕ್ಕೆ ಹೊಸ ಜೊತೆ ಮಾಡುವುದಕ್ಕೂ ದಾರಿ ಒಂದೇ. ಟ್ಯಾಂಕಿನ ನಡುವೆ ಸಣ್ಣ ಕಣ್ಣಿನ ಗಟ್ಟಿ ಲೋಹದ ಜಾಲರಿ ನಿಲ್ಲಿಸಿ, ಮೇಲೆ, ಕೆಳಗೆ, ಪಕ್ಕ ಎಲ್ಲೂ ಸಂದಿ ಇಲ್ಲದಂತೆ ನೋಡಿ. ಒಂದೊಂದು ಬದಿಗೆ ಒಂದೊಂದು ಬಿಡಿ. ದಿನಕ್ಕೆ ಹಲವು ಸಲ ಅವುಗಳ ಬದಿ ಅದಲುಬದಲು ಮಾಡಿ. ಒಂದರ ವಾಸನೆಯಲ್ಲಿ ಇನ್ನೊಂದು ಮಲಗಬೇಕು, ಅದೇ ಇದರ ಗುಟ್ಟು. ಒಂದು ವಾರ ಕಳೆಯಲಿ, ಬೇಕಾದರೆ ಹತ್ತು ದಿನವೂ ಆಗಲಿ. ಎರಡೂ ಜಾಲರಿಗೆ ಅಂಟಿಕೊಂಡೇ ಗೂಡು ಕಟ್ಟಿ ಮಲಗಲು ಶುರು ಮಾಡಿದರೆ ಒಳ್ಳೆಯ ಲಕ್ಷಣ. ನಿಮಗೆ ಪೂರ್ತಿ ಬಿಡುವಿರುವ ದಿನ ಬೆಳಿಗ್ಗೆ, ಯಾವುದರ ವಾಸನೆಯೂ ಇಲ್ಲದ ಚಿಕ್ಕ ಜಾಗದಲ್ಲಿ ಸೇರಿಸಿ. ಚಕ್ರ, ಗೂಡು, ಕೊಳವೆ ಏನೂ ಬೇಡ, ಅವು ಜಗಳಕ್ಕೆ ಕಾರಣವಾಗುತ್ತವೆ. ಕೈಗವಸು ಹಾಕಿಕೊಂಡು ಪಕ್ಕದಲ್ಲೇ ಕೂತಿರಿ. ಒಂದರ ಮೈ ಇನ್ನೊಂದು ನೆಕ್ಕಿ, ಒಟ್ಟಿಗೆ ಗುಡ್ಡೆಯಾಗಿ ಮಲಗಿದರೆ ಗೆದ್ದಂತೆ. ಮೊದಲ ಕೆಲವು ದಿನ ಚಿಕ್ಕ ಜಾಗದಲ್ಲೇ ಇರಲಿ, ಆಮೇಲೆ ನಿಧಾನವಾಗಿ ದೊಡ್ಡದು ಮಾಡಿ. ಬೆಳೆದ ಜರ್ಬಿಲ್‌ಗೆ ಎಳೆಯ ಮರಿಯನ್ನು ಜೊತೆ ಮಾಡುವುದು ಎರಡು ದೊಡ್ಡವನ್ನು ಸೇರಿಸುವುದಕ್ಕಿಂತ ಸುಲಭ. ಎಷ್ಟು ಮಾಡಿದರೂ ಹೊಂದದ ಜೋಡಿಗಳಿರುತ್ತವೆ. ಆಗ ಒತ್ತಾಯ ಬೇಡ, ಬೇರೆ ಬೇರೆ ಟ್ಯಾಂಕು ಮಾಡಿ.

*ತಪ್ಪಿಸಿಕೊಂಡರೆ.* ಕೋಣೆಯ ಬಾಗಿಲ ಸಂದಿಗೆ ಟವೆಲ್ ತುರುಕಿ. ಅಟ್ಟಿಸಬೇಡಿ. ನೆಲದ ಮೇಲೆ ಕೂತು, ಅದಕ್ಕೆ ಗೊತ್ತಿರುವ ರಟ್ಟಿನ ಕೊಳವೆ ಮುಂದಿಡಿ. ಕುತೂಹಲ ತಡೆಯದೆ ಒಳಗೆ ನುಗ್ಗುತ್ತದೆ. ಎರಡೂ ತುದಿ ಅಂಗೈಯಿಂದ ಮುಚ್ಚಿ ಎತ್ತಿ. ರಾತ್ರಿಯಾದರೆ ಬಕೆಟಿನ ತಳಕ್ಕೆ ಹಾಸು, ಸೂರ್ಯಕಾಂತಿ ಬೀಜ ಹಾಕಿ, ಹೊರಗೆ ಪುಸ್ತಕಗಳನ್ನು ಮೆಟ್ಟಿಲಿನಂತೆ ಜೋಡಿಸಿಡಿ.

ಆರೋಗ್ಯದ ತೊಂದರೆಗಳು

ಮೊದಲೇ ಒಂದು ಎಚ್ಚರಿಕೆ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಕೊಡಬೇಡಿ. ಕೆಲವು ಆಂಟಿಬಯಾಟಿಕ್ ಇಂಥ ಸಣ್ಣ ಪ್ರಾಣಿಗಳ ಕರುಳನ್ನು ಕೆಡಿಸಿ ಕೊಲ್ಲುತ್ತವೆ. ಸ್ಟ್ರೆಪ್ಟೊಮೈಸಿನ್ ಅಂತೂ ಜರ್ಬಿಲ್‌ಗೆ ವಿಷವೇ. ನಾಯಿ ಬೆಕ್ಕು ಮಾತ್ರ ನೋಡುವ ವೈದ್ಯರ ಬದಲು, ಇಲಿ ಮೊಲದಂಥ ಸಣ್ಣ ಪ್ರಾಣಿಗಳನ್ನು ನೋಡುವವರನ್ನು ಜರ್ಬಿಲ್ ಆರೋಗ್ಯವಾಗಿರುವಾಗಲೇ ಹುಡುಕಿಟ್ಟುಕೊಳ್ಳಿ. ಅಮೆರಿಕದಲ್ಲಿ ಇವರನ್ನು ಎಕ್ಸಾಟಿಕ್ ವೆಟ್ ಎನ್ನುತ್ತಾರೆ.

*ಕೆಂಪು ಮೂಗು.* ಮೂಗಿನ ಸುತ್ತ ಕೆಂಪು ಹೆಪ್ಪು, ಕೂದಲು ಉದುರುವುದು, ಆಮೇಲೆ ಹುಣ್ಣು. ಹೆಚ್ಚಿನ ಸಲ ಅದು ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಕೆಂಪು ಬಣ್ಣದ ಸ್ರಾವ. ಒಣಗಿದ ಹಾಸು, ಮರಳಿನ ಸ್ನಾನ ಇದ್ದರೆ ಜರ್ಬಿಲ್ ತಾನೇ ಒರೆಸಿಕೊಳ್ಳುತ್ತದೆ. ತೇವ, ಘಾಟಿನ ಹೊಟ್ಟು, ಇಕ್ಕಟ್ಟು, ಒತ್ತಡ ಇದ್ದರೆ ಅದು ಮೂಗಿನ ಮೇಲೆ ಉಳಿದು ಚರ್ಮ ಕೆರಳುತ್ತದೆ, ಸೋಂಕು ಸೇರುತ್ತದೆ. ಹಾಸನ್ನು ಮೆತ್ತನೆಯ ಕಾಗದದ್ದಕ್ಕೆ ಬದಲಿಸಿ, ಮರಳು ಇಡಿ, ತೇವ ಇಳಿಸಿ. ಕಂಬಿ ಕಡಿಯುತ್ತಿದ್ದರೆ ಅದನ್ನು ತೆಗೆಯಿರಿ. ಹುಣ್ಣಾಗಿದ್ದರೆ ಅಥವಾ ಕೆಲವು ದಿನಗಳಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

*ಫಿಟ್ಸ್.* ಹೊಸ ಜಾಗಕ್ಕೆ ಬಿಟ್ಟಾಗ, ಜೋರು ಸದ್ದಾದಾಗ, ಕೈಗೆತ್ತಿಕೊಂಡಾಗ ಇದ್ದಕ್ಕಿದ್ದಂತೆ ಮೈ ಸೆಟೆಯುತ್ತದೆ. ಕಿವಿ, ಮೀಸೆ ಅದುರುತ್ತವೆ. ಮೊದಲ ಸಲ ನೋಡಿದವರ ಎದೆ ಝಲ್ ಎನ್ನುತ್ತದೆ. ಆದರೆ ಜರ್ಬಿಲ್‌ಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುವ, ತುಂಬಾ ಸಾಮಾನ್ಯವಾದ ತೊಂದರೆ. ಎರಡು ತಿಂಗಳ ವಯಸ್ಸಿನ ಸುಮಾರಿಗೆ ಶುರುವಾಗುತ್ತದೆ. ಮೆಲ್ಲಗೆ ಹಾಸಿನ ಮೇಲೆ ಮಲಗಿಸಿ, ದೀಪ ಆರಿಸಿ, ಸದ್ದು ಮಾಡದೆ ಬಿಡಿ. ಬಾಯಿಗೆ ನೀರು ಹಾಕಬೇಡಿ. ಒಂದೆರಡು ನಿಮಿಷದಲ್ಲಿ ಎದ್ದು ಎಂದಿನಂತೆ ಓಡಾಡುತ್ತದೆ. ಸಾಮಾನ್ಯವಾಗಿ ಔಷಧ ಬೇಕಾಗುವುದಿಲ್ಲ. ಎಳೆಯದರಿಂದಲೇ ಕೈಯಲ್ಲಿ ಆಡಿಸಿದವುಗಳಲ್ಲಿ ಇದು ಕಡಿಮೆ. ಹೊತ್ತು ಕಳೆದರೂ ನಿಲ್ಲದಿದ್ದರೆ, ಪದೇ ಪದೇ ಬಂದರೆ ವೈದ್ಯರ ಬಳಿ ಹೋಗಿ.

*ಭೇದಿ.* ಇದಕ್ಕೆ ನಾಳೆ ನೋಡೋಣ ಅನ್ನಬೇಡಿ. ಸೊಪ್ಪು ಜಾಸ್ತಿ ತಿಂದು ಹಿಕ್ಕೆ ಮೆತ್ತಗಾಗಿ, ಜರ್ಬಿಲ್ ಚುರುಕಾಗಿದ್ದರೆ ತರಕಾರಿ ನಿಲ್ಲಿಸಿ ಕಾಳು ಮಾತ್ರ ಕೊಟ್ಟು ಒಂದು ದಿನ ನೋಡಬಹುದು. ಆದರೆ ನೀರಾದ ಭೇದಿ, ಬಾಲದ ಬುಡ ಒದ್ದೆ, ಮೈ ಮುದುಡಿ ಕೂತಿದೆ ಎಂದರೆ ಅದೇ ದಿನ ಹೊರಡಿ. ಟೈಜರ್ಸ್ ಎಂಬ ಬ್ಯಾಕ್ಟೀರಿಯಾ ಕಾಯಿಲೆ ಜರ್ಬಿಲ್‌ಗಳಿಗೆ ಬಹಳ ಬೇಗ ತಗಲುತ್ತದೆ, ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಜೊತೆಯದನ್ನೂ ಕರೆದೊಯ್ಯಿರಿ. ಟ್ಯಾಂಕಿನ ಹಾಸನ್ನೆಲ್ಲ ಎಸೆದು ಬ್ಲೀಚ್ ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಿ. ಅರ್ಧ ಹಾಸು ಉಳಿಸಿಕೊಳ್ಳುವ ಮಾತು ಇಲ್ಲಿ ಅನ್ವಯಿಸುವುದಿಲ್ಲ.

*ಬಾಲ ಕಳಚಿದರೆ.* ಹೊಟ್ಟು ತೆಗೆದು ಬಿಳಿ ಟಿಶ್ಯೂ ಮೇಲೆ ಇರಿಸಿ ವೈದ್ಯರಿಗೆ ತೋರಿಸಿ. ಚರ್ಮವಿಲ್ಲದ ಎಲುಬಿನ ಭಾಗ ಒಣಗಿ ಬೀಳುತ್ತದೆ, ಅಥವಾ ಅವರೇ ಕತ್ತರಿಸುತ್ತಾರೆ. ಮೊಂಡು ಬಾಲದಲ್ಲೂ ಚೆನ್ನಾಗಿಯೇ ಬಾಳುತ್ತವೆ.

*ಹಲ್ಲು.* ಮುಂದಿನ ಒಂದು ಹಲ್ಲು ಮುರಿದರೆ ಎದುರಿನದು ಸವೆಯದೆ ಉದ್ದ ಬೆಳೆದು ಬಾಯಿಗೆ ಚುಚ್ಚುತ್ತದೆ. ಕಾಳಿನ ಹತ್ತಿರ ಬಂದು ತಿನ್ನದೆ ಹೋಗುವುದು, ಜೊಲ್ಲು, ತೂಕ ಇಳಿಯುವುದು ಗುರುತು. ಉಗುರು ಕತ್ತರಿ ತೆಗೆದುಕೊಂಡು ನೀವೇ ಕತ್ತರಿಸಬೇಡಿ, ಹಲ್ಲು ಸೀಳುತ್ತದೆ.

*ಉಸಿರಾಟ.* ಕಿವಿಯ ಹತ್ತಿರ ಹಿಡಿದರೆ ಟಿಕ್ ಟಿಕ್ ಸದ್ದು, ಪಕ್ಕೆ ಎಳೆದು ಉಸಿರಾಡುವುದು, ತುಪ್ಪಳ ಕೆದರುವುದು ಕಂಡರೆ ಅದೇ ದಿನ ವೈದ್ಯರು. ಧೂಳಿನ ಹಾಸು, ಹೊಗೆ ಇದ್ದರೆ ತೆಗೆಯಿರಿ.

*ಶಾಖದ ಹೊಡೆತ.* ಕೋಣೆ 30 ಡಿಗ್ರಿ ದಾಟಿದರೆ ಅಪಾಯ ಹತ್ತಿರವಾಯಿತೆಂದೇ ತಿಳಿಯಿರಿ. ಹೊಟ್ಟೆ ಅಂಟಿಸಿ ಚಪ್ಪಟೆ ಮಲಗಿ, ಜೊಲ್ಲು ಸುರಿಸುತ್ತಿದ್ದರೆ ತಂಪು ಕೋಣೆಗೆ ಒಯ್ಯಿರಿ. ಒದ್ದೆ ಬಟ್ಟೆಯ ಮೇಲೆ ಪಾದ ಇಡಿಸಿ. ಐಸ್ ನೀರಿನಲ್ಲಿ ಅದ್ದಬೇಡಿ. ಬೇಸಿಗೆಯಲ್ಲಿ ಒಂದು ಸೆರಾಮಿಕ್ ಟೈಲನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಹಾಸಿನ ಮೇಲಿಟ್ಟರೆ ಬಂದು ಮಲಗುತ್ತವೆ.

ಎರಡು ವರ್ಷ ದಾಟಿದ ಮೇಲೆ ಬರುವ ತೊಂದರೆಗಳೇ ಬೇರೆ. ಹೊಟ್ಟೆಯ ಗ್ರಂಥಿಯಲ್ಲಿ ಗಂಟು ಅಥವಾ ಹುಣ್ಣು ಕಂಡರೆ ಗಡ್ಡೆ ಇರಬಹುದು, ಗಂಡಿನಲ್ಲಿ ಜಾಸ್ತಿ. ಚಿಕ್ಕದಿರುವಾಗಲೇ ಆಪರೇಷನ್ ಮಾಡಿ ತೆಗೆಸಿದರೆ ಗುಣವಾಗುತ್ತದೆ. ವಯಸ್ಸಾದ ಹೆಣ್ಣಿನ ಹೊಟ್ಟೆ ಎರಡೂ ಪಕ್ಕ ಉಬ್ಬಿದರೆ ಅಂಡಾಶಯದ ನೀರುಗುಳ್ಳೆ ಇರಬಹುದು. ತಲೆ ಒಂದು ಕಡೆ ವಾಲಿ ಸುತ್ತು ಹಾಕುತ್ತಿದ್ದರೆ ಒಳಕಿವಿಯ ತೊಂದರೆ. ಇದ್ದಕ್ಕಿದ್ದಂತೆ ಒಂದು ಪಕ್ಕ ಸ್ವಾಧೀನ ತಪ್ಪಿದರೆ ಲಕ್ವ ಹೊಡೆದಿರಬಹುದು. ಇವೆಲ್ಲಕ್ಕೂ ವೈದ್ಯರು ಬೇಕು. ಮುದಿ ಜರ್ಬಿಲ್ ಇರುವ ಟ್ಯಾಂಕಿನಲ್ಲಿ ಎತ್ತರದ ಹಲಗೆ ತೆಗೆದುಬಿಡಿ, ನೀರಿನ ಬಾಟಲಿ ಕೆಳಗಿಳಿಸಿ, ಕಾಳನ್ನು ಗೂಡಿನ ಬಾಯಲ್ಲೇ ಹಾಕಿ. ನೋವು ಕಡಿಮೆಯಾಗುವ ದಾರಿ ಇಲ್ಲ, ಊಟ ಬಿಟ್ಟಿದೆ ಎಂದಾದಾಗ ನೋವಿಲ್ಲದೆ ಕಣ್ಣುಮುಚ್ಚುವ ಕೊನೆಯ ನಿದ್ದೆಯ ಸೂಜಿ ಕೊಡಿಸುವುದೂ ಪ್ರೀತಿಯ ನಿರ್ಧಾರವೇ.

ಊರಿಗೆ ಹೋಗುವಾಗ

ಬೇಸಿಗೆ ರಜೆಗೆ ನಾಲ್ಕೈದು ವಾರ ಊರಿಗೆ ಹೋಗುವವರು ಇದನ್ನು ಟಿಕೆಟ್ ಮಾಡಿಸುವಾಗಲೇ ಯೋಚಿಸಬೇಕು. ಜರ್ಬಿಲ್‌ಗಳನ್ನು ಒಂದೊಂದು ಮನೆಗೆ ಹಂಚಬೇಡಿ. ಕೆಲವೇ ದಿನ ಬೇರೆ ಇದ್ದರೂ ಮತ್ತೆ ಸೇರಿಸಿದಾಗ ಅಪರಿಚಿತರಂತೆ ಕಚ್ಚಾಡಬಹುದು. ಟ್ಯಾಂಕು ಸಮೇತ ಒಂದೇ ಮನೆಗೆ ಕೊಡಿ, ಅಥವಾ ನಂಬಿಕೆಯವರು ನಿಮ್ಮ ಮನೆಗೇ ಬಂದು ನೋಡಲಿ. ಟ್ಯಾಂಕು ಸಾಗಿಸುವಾಗ ಬಿಲ ಕುಸಿಯುತ್ತದೆ. ಹಾಗಾಗಿ ಜರ್ಬಿಲ್‌ಗಳನ್ನು ಬೇರೆ ಡಬ್ಬಿಯಲ್ಲಿ, ಎರಡನ್ನೂ ಒಟ್ಟಿಗೆ ಒಯ್ದು, ಅಲ್ಲಿ ಹಾಸು ಮತ್ತೆ ಒತ್ತಿ ಬಿಡಿ.

ನೀರಿನ ಬಾಟಲಿ ಎರಡು ಹಾಕಿ, ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಕಾಳನ್ನು ದಿನದ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಡಿ, ಇಲ್ಲದಿದ್ದರೆ ಪಾಪ ಅಂತ ಜಾಸ್ತಿ ಹಾಕುತ್ತಾರೆ. ನೀವು ಇಲ್ಲದಾಗ ಹಾಸು ಬದಲಿಸುವುದು ಬೇಡ ಎಂದು ಹೇಳಿ. ಬೇಸಿಗೆಯಾದ್ದರಿಂದ ಮನೆಯ ಎಸಿಯನ್ನು ಪೂರ್ತಿ ಆರಿಸಿ ಹೋಗಬೇಡಿ. ಒಂದು ಹಾಳೆಯಲ್ಲಿ ಇಷ್ಟು ಬರೆದು ಟ್ಯಾಂಕಿಗೆ ಅಂಟಿಸಿ: ಬಾಲ ಹಿಡಿಯಬಾರದು, ಫಿಟ್ಸ್ ಬರುತ್ತಿದ್ದರೆ ಏನು ಮಾಡಬೇಕು, ಈಗಿನ ತೂಕ ಎಷ್ಟು, ವೈದ್ಯರ ಫೋನ್ ನಂಬರು, ನಿಮ್ಮನ್ನು ಸಂಪರ್ಕಿಸಲು ಆಗದಿದ್ದರೆ ಎಷ್ಟು ಖರ್ಚಿನವರೆಗೆ ಚಿಕಿತ್ಸೆ ಮಾಡಿಸಬಹುದು. ಆ ಒಪ್ಪಿಗೆಯ ವಿಷಯವನ್ನು ಹೊರಡುವ ಮೊದಲೇ ವೈದ್ಯರ ಕ್ಲಿನಿಕ್ಕಿಗೂ ಫೋನ್ ಮಾಡಿ ತಿಳಿಸಿಡಿ.